ಅಂಗಡಿ, ಕಚೇರಿ, ಮನೆ ಒಂದೇ ಕಟ್ಟಡದಲ್ಲಿ: ವಿನ್ಯಾಸದ ಪ್ರಗತಿ, 6ರಿಂದ 9ನೇ ವಾರ

ಈಗಿನ ಸ್ಥಿತಿ: ಕೆಳಗೆ ಎರಡು ನೆಲಮಾಳಿಗೆ ಪಾರ್ಕಿಂಗ್, ನೆಲ ಅಂತಸ್ತಿನಲ್ಲಿ ಅಂಗಡಿಗಳು ಮತ್ತು ಒಂದು ರೆಸ್ಟೋರೆಂಟ್, ಮೇಲೆ ಎರಡು ಮಹಡಿ ಕಚೇರಿ, ಅದರ ಮೇಲೆ ಎಂಟು ಮಹಡಿ ಮನೆ. ಮಹಡಿಯ ಎತ್ತರ ಅಂಗಡಿಗೆ 4.8 ಮೀಟರ್, ಕಚೇರಿಗೆ 3.9, ಮನೆಗೆ 3.15. ನೆಲದಿಂದ ತಾರಸಿಗೆ 37.8 ಮೀಟರ್. ಎಲಿವೇಶನ್, ಅಂದರೆ ಕಟ್ಟಡದ ಹೊರಮುಖದ ವಿನ್ಯಾಸ, ಇನ್ನೂ ಮುಟ್ಟಿಲ್ಲ. ಕಾಲಂ ಮತ್ತು ಶಾಫ್ಟ್‌ಗಳು (ಪೈಪು, ಡಕ್ಟ್ ಇಳಿಯುವ ಲಂಬ ಗೂಡುಗಳು) ಮೇಲಿಂದ ಕೆಳಗಿನವರೆಗೆ ನೇರವಾಗಿ ಇಳಿಯುವ ತನಕ ಮುಟ್ಟುವುದೂ ಇಲ್ಲ.

6ನೇ ವಾರ. ಕಾಲಂ ಗ್ರಿಡ್ ಅನ್ನು, ಅಂದರೆ ಕಾಲಂಗಳ ನಡುವಿನ ಅಂತರವನ್ನು, 7.8 ಮೀಟರಿನಿಂದ 8.4ಕ್ಕೆ ಬದಲಿಸಿದ್ದಾಯಿತು. ಮನೆಯ ಪ್ಲಾನ್‌ಗೆ 7.8 ಚೆನ್ನಾಗಿಯೇ ಹೊಂದುತ್ತಿತ್ತು. ತೊಂದರೆ ಕಂಡದ್ದು ನೆಲಮಾಳಿಗೆಯಲ್ಲಿ: 600 ಮಿ.ಮೀ. ಅಗಲದ ಕಾಲಂ ಕಳೆದರೆ ಉಳಿಯುವುದು 7.2, ಮೂರು ಕಾರಿಗೆ ತಲಾ 2.4. ಕಾಲಂ ಪಕ್ಕದ ಕಾರಿನ ಬಾಗಿಲು ತೆರೆಯುವುದೇ ಕಷ್ಟ. 8.4ರಲ್ಲಿ ತಲಾ 2.6 ಸಿಗುತ್ತದೆ. ಮೇಲೆ ಅದೇ ಅಳತೆ 4.2 ಮೀಟರಿನ ಎರಡು ಅಂಗಡಿಯಾಗುತ್ತದೆ. ಇನ್ನೊಂದು ದಿಕ್ಕಿನಲ್ಲಿ ಕಾರಿನ ಉದ್ದ 5, ಓಡಾಟದ ದಾರಿ 6, ಮತ್ತೆ 5, ಒಟ್ಟು 16 ಮೀಟರ್. ಇಲ್ಲಿಯೂ ಎಲ್ಲೆಡೆ 8.4 ಅಂತರವನ್ನೇ ಹಾಕಿದರೆ ಸಾಲುಗಳು ಹೆಚ್ಚಿದಂತೆ ಕಾಲಂ ಸರಿದು ದಾರಿಯೊಳಗೆ ಬಂದು ನಿಲ್ಲುತ್ತದೆ. ಆದ್ದರಿಂದ ದಾರಿಯ ಅಂಚಿನಿಂದ 1.2 ಮೀಟರ್ ಒಳಗೆ ಕಾಲಂ ಇಟ್ಟು, 8.4 ಮತ್ತು 7.6 ಅಂತರಗಳನ್ನು ಒಂದಾದ ಮೇಲೊಂದು ಬರುವಂತೆ ಮಾಡಲಾಗಿದೆ. ತಿರುಗುವ ಕಾರಿನ ಮೂಲೆ ಕಾಲಂಗೆ ತಗಲುವುದಿಲ್ಲ.

ಮೇಲಿನ ಕಾಲಂಗಳ ಭಾರವನ್ನು ಬೇರೆ ಜಾಗದಲ್ಲಿರುವ ಕೆಳಗಿನ ಕಾಲಂಗಳಿಗೆ ದಾಟಿಸುವ ಟ್ರಾನ್ಸ್‌ಫರ್ ಸ್ಲ್ಯಾಬ್ ಹಾಕಿ ಮೇಲೊಂದು ಕೆಳಗೊಂದು ಗ್ರಿಡ್ ಮಾಡಬಹುದಿತ್ತು. ಆದರೆ ಎಂಟು ಮಹಡಿಯ ಭಾರವನ್ನು ಪಕ್ಕಕ್ಕೆ ಒಯ್ಯುವ ಬೀಮ್ ಒಂದೂವರೆ ಮೀಟರ್ ಆಳವಾದರೂ ಆಶ್ಚರ್ಯವಿಲ್ಲ. ಮನೆಯ ಗೋಡೆಗಳನ್ನು ಒಂದಿಷ್ಟು ಸರಿಸುವುದೇ ಮೇಲು.

7 ಮತ್ತು 8ನೇ ವಾರ. ಪೂರ್ತಿ ಶಾಫ್ಟ್‌ಗಳಿಗೇ ಹೋಯಿತು. ಮನೆಗಳ ಆರು ಬಾತ್‌ರೂಮ್ ಶಾಫ್ಟ್‌ಗಳಲ್ಲಿ ನಾಲ್ಕು ಕಚೇರಿಯ ನಟ್ಟನಡುವೆ ಇಳಿಯುತ್ತಿದ್ದವು. ಅವುಗಳ ಪೈಪನ್ನು ಕಚೇರಿಯ ಸೀಲಿಂಗ್‌ನಲ್ಲಿ ಅಡ್ಡ ಒಯ್ಯೋಣವೆಂದರೆ 14 ಮೀಟರಿಗೆ 1:60 ಇಳಿಜಾರು, ಅಂದರೆ ಸುಮಾರು 235 ಮಿ.ಮೀ. ಇಳಿತ. ಪೈಪಿನ 110, ತೂಗು ಕ್ಲ್ಯಾಂಪಿನ 50 ಸೇರಿಸಿದರೆ 400ರ ಹತ್ತಿರ. 3.9ರಲ್ಲಿ ಬೀಮ್ 700, ಪೈಪು 400, ಎಸಿ ಡಕ್ಟ್ ಮತ್ತು ದೀಪ 400 ಕಳೆದರೆ ತಲೆಯ ಮೇಲೆ ಉಳಿಯುವುದು 2.4. ಕಚೇರಿಗೆ ಇದು ಸಾಲದು. ಕೊಳಚೆ ಪೈಪು ಬೇರೆಯವರ ಸೀಲಿಂಗ್‌ನಲ್ಲಿ ಹಾಯುವುದು ಅದಕ್ಕಿಂತ ಕೆಟ್ಟದ್ದು. ಕಟ್ಟಿಕೊಂಡರೆ ಬಿಚ್ಚಬೇಕಾದದ್ದು ಒಬ್ಬರ ಕಚೇರಿ, ತಪ್ಪು ಇನ್ನೊಬ್ಬರ ಮನೆಯದು.

ಹಾಗಾಗಿ ಎರಡು ಮನೆಗಳ ಪ್ಲಾನ್ ತಿರುವಿ, ಬಾತ್‌ರೂಮ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಕಾರಿಡಾರ್ ಬದಿಗೆ ತರಲಾಗಿದೆ. ಈಗ ನಾಲ್ಕು ಶಾಫ್ಟ್ ಕಚೇರಿಯ ಶೌಚಾಲಯದ ಗೋಡೆಗೆ ಅಂಟಿಕೊಂಡು, ಅಂಗಡಿಗಳ ಹಿಂದಿನ ಗೋಡೆಯಲ್ಲಿ ನೇರ ಇಳಿಯುತ್ತವೆ. ಉಳಿದೆರಡಕ್ಕೆ 3 ಮೀಟರ್ ಅಡ್ಡ ಓಟ ತಪ್ಪಲಿಲ್ಲ, ಇಳಿತ 50 ಮಿ.ಮೀ. ಆ ತಿರುವುಗಳಲ್ಲಿ ಒಂದು 90 ಡಿಗ್ರಿ ಬೆಂಡ್ ಬದಲು ಎರಡು 45 ಡಿಗ್ರಿ ಬೆಂಡ್. ಮನೆಗಳ ಮೊದಲ ಮಹಡಿಯ ಪೈಪನ್ನು ಆ ಎರಡು ಸ್ಟ್ಯಾಕ್‌ಗಳಿಗೆ (ಮೇಲಿಂದ ಇಳಿಯುವ ಮುಖ್ಯ ಪೈಪುಗಳಿಗೆ) ಸೇರಿಸದೆ ಪ್ರತ್ಯೇಕವಾಗಿ ಇಳಿಸಬೇಕು. ಬೆಂಡ್ ಹತ್ತಿರ ನೀರಿನ ವೇಗ ಕುಗ್ಗಿ ಪೈಪು ತುಂಬಿಕೊಂಡಾಗ ಒತ್ತಡ ಹಿಮ್ಮುಖವಾಗಿ, ಆ ಮಹಡಿಯ ಟ್ರ್ಯಾಪ್‌ನಿಂದ (ವಾಸನೆ ತಡೆಯಲು ನೀರು ನಿಲ್ಲುವ ಬಾಗಿದ ಪೈಪು) ನೊರೆ ಉಕ್ಕುತ್ತದೆ.

ರೆಸ್ಟೋರೆಂಟ್ ಹೊಗೆಯ ಡಕ್ಟ್‌ಗೆ ಬೇರೆಯದೇ ಶಾಫ್ಟ್, ತಾರಸಿಯವರೆಗೆ. ಸೆಕೆಂಡಿಗೆ 3 ಘನ ಮೀಟರ್ ಗಾಳಿ ಎಂದಿಟ್ಟುಕೊಂಡರೆ 600×600 ಡಕ್ಟ್‌ನಲ್ಲಿ ವೇಗ 8.3 ಮೀಟರ್, ಸರಿಯಾಗಿದೆ. ಇನ್ಸುಲೇಶನ್ ಸೇರಿ ಶಾಫ್ಟ್‌ನ ಒಳ ಅಳತೆ 900×900, ಗೋಡೆ ಎರಡು ಗಂಟೆ ಬೆಂಕಿ ತಡೆಯುವಂಥದ್ದು. ಜಿಡ್ಡು ತೆಗೆಯುವ ಬಾಗಿಲು ಕಾರಿಡಾರ್ ಕಡೆಗೇ ಇರಲಿ, ಯಾರ ಮನೆಯೊಳಗೂ ಅಲ್ಲ. ಇದಕ್ಕೆ ಈಗಲೇ ಜಾಗ ಬಿಡದಿದ್ದರೆ ಆ ಅಂಗಡಿಯಲ್ಲಿ ಎಂದಿಗೂ ಅಡುಗೆ ಮಾಡಲಾಗದು.

9ನೇ ವಾರ. ರ‍್ಯಾಂಪ್. 3.6 ಮೀಟರ್ ಇಳಿಯಲು 1:8 ಇಳಿಜಾರಿಗೆ 28.8 ಮೀಟರ್ ಎಂದು ಗುರುತಿಸಲಾಗಿತ್ತು. ಕಾರಿನ ಹೊಟ್ಟೆ ಉಜ್ಜದಿರಲು ಮೇಲೂ ಕೆಳಗೂ 3.6 ಮೀಟರ್ 1:16 ಇಳಿಜಾರು ಬೇಕು. ಸೇರಿಸಿದಾಗ ಉದ್ದ 32.4 ಆಯಿತು, ಎರಡು ಕಾರಿನ ಜಾಗ ಹೋಯಿತು. ರ‍್ಯಾಂಪ್ ಬಾಯನ್ನು ಪಕ್ಕದ ರಸ್ತೆಗೆ ತಿರುಗಿಸಿದ್ದರಿಂದ ಮುಂಭಾಗದ ಅಂಗಡಿ ಸಾಲು ತುಂಡಾಗದೆ ಉಳಿದಿದೆ.

ಮೆಟ್ಟಿಲು: ಮನೆಯ ಮೆಟ್ಟಿಲು ನೆಲ ಅಂತಸ್ತಿನಲ್ಲೇ ಮುಗಿದು ಹೊರಗೆ ತೆರೆಯುತ್ತದೆ, ನೆಲಮಾಳಿಗೆಯದು ಬೇರೆ. ಒಂದೇ ಆಗಿದ್ದರೆ ಕೆಳಗಿನ ಹೊಗೆಗೆ ಅದೇ ಚಿಮಣಿ.

ಬಾಕಿ: ಕಚೇರಿಯ ಮೇಲೆ, ಮನೆಗಳ ಮಹಡಿ ಇಲ್ಲದ ಭಾಗದ ತಾರಸಿ ತೋಟ. 600 ಮಿ.ಮೀ. ಒದ್ದೆ ಮಣ್ಣು ಚದರ ಮೀಟರಿಗೆ ಒಂದು ಟನ್ನಿಗಿಂತ ಹೆಚ್ಚು ತೂಗುತ್ತದೆ. ಮರಗಳನ್ನು ಕಾಲಂಗಳ ನೆತ್ತಿಗಷ್ಟೇ ಇಟ್ಟು, ಉಳಿದೆಡೆ 200ಕ್ಕೆ ಇಳಿಸಿದ ಪ್ಲಾನ್ ಸ್ಟ್ರಕ್ಚರಲ್ ಎಂಜಿನಿಯರ್ ಬಳಿ ಇದೆ.