ಬೆವರಿದ ಬೆರಳಿಗೆ ಸಿಕ್ಕ ಹಿಡಿತ

ಮೇ 4, 2025, ಭಾನುವಾರ
ಮಂಗಳೂರು

ಫ್ಯಾನಿನ ಕೆಳಗೆ ಕುಳಿತರೂ ಬೆರಳ ತುದಿ ಬೆವರುವ ಈ ಸೆಖೆಯಲ್ಲಿ ಫೋನಿನ ಪರದೆಯನ್ನು ಒತ್ತಿ ಆಡುವುದು ನನಗೆ ಸಾಕಾಗಿತ್ತು. ಹೆಬ್ಬೆರಳು ಸರಿಯಬೇಕಾದಲ್ಲಿ ಗಾಜಿಗೆ ಅಂಟಿಕೊಳ್ಳುತ್ತದೆ, ನಿಲ್ಲಬೇಕಾದಲ್ಲಿ ಜಾರುತ್ತದೆ. ಅದರ ಮೇಲೆ ಎರಡು ಹೆಬ್ಬೆರಳುಗಳೂ ಸೇರಿ ನೋಡಬೇಕಾದ ಚಿತ್ರದ ಎರಡು ಮೂಲೆಗಳನ್ನೇ ಮುಚ್ಚಿಬಿಡುತ್ತವೆ. ಕಪಾಟಿನಲ್ಲಿ ಬಹಳ ದಿನಗಳಿಂದ ಸುಮ್ಮನೆ ಬಿದ್ದಿದ್ದ ಪ್ಲೇಸ್ಟೇಷನ್ 4 ಎಂಬ ಆಟದ ಯಂತ್ರದ ಡ್ಯುಯಲ್‌ಶಾಕ್ ಕಂಟ್ರೋಲರನ್ನು, ಎಂದರೆ ಎರಡೂ ಕೈಯಲ್ಲಿ ಹಿಡಿದು ಬಟನ್ ಒತ್ತಿ ಆಡುವ ಸಾಧನವನ್ನು, ಈ ಬೆಳಿಗ್ಗೆ ಹೊರತೆಗೆದದ್ದು ಅದಕ್ಕಾಗಿಯೇ.

ಜೋಡಿಸುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಶೇರ್ ಬಟನ್ ಮತ್ತು ನಡುವಿನ ಪಿಎಸ್ ಬಟನ್ ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದಾಗ ಅದರ ದೀಪ ವೇಗವಾಗಿ ಮಿನುಗತೊಡಗಿತು, ಫೋನಿನ ಬ್ಲೂಟೂತ್ ಪಟ್ಟಿಯಲ್ಲಿ ‘ವೈರ್‌ಲೆಸ್ ಕಂಟ್ರೋಲರ್’ ಎಂಬ ಹೆಸರು ಬಂತು. ನನ್ನದು ಆಂಡ್ರಾಯ್ಡ್, ಐಫೋನಿನಲ್ಲಿಯೂ 2019ರ ಐಒಎಸ್ 13ರಿಂದ ಇದೇ ಕಂಟ್ರೋಲರ್ ನಡೆಯುತ್ತದೆ.

ಆದರೆ ಮೊದಲ ಅರ್ಧ ಗಂಟೆ ಆಟ ಹಿತವಾಗಿರಲಿಲ್ಲ. ಹೆಬ್ಬೆರಳಿನಿಂದ ಸರಿಸುವ ಸ್ಟಿಕ್ ಬಿಟ್ಟ ಮೇಲೂ ಪರದೆಯ ಮೇಲಿನ ಆಟಗಾರ ಒಂದೆರಡು ಹೆಜ್ಜೆ ಓಡುತ್ತಿದ್ದ. ಬ್ಲೂಟೂತ್ ಕೆಲಸ ಮಾಡುವುದು 2.4 ಗಿಗಾಹರ್ಟ್ಸ್ ಅಲೆಗಳ ಮೇಲೆ, ಮನೆಯ ವೈಫೈ ಕೂಡ ಅಲ್ಲಿಯೇ ಇತ್ತು, ಕಿವಿಯಲ್ಲಿದ್ದ ಇಯರ್‌ಬಡ್‌ಗಳೂ ಅದೇ ದಾರಿಯನ್ನು ಹಂಚಿಕೊಂಡಿದ್ದವು. ಫೋನನ್ನು 5 ಗಿಗಾಹರ್ಟ್ಸ್ ವೈಫೈಗೆ ಬದಲಿಸಿ, ಇಯರ್‌ಬಡ್ ತೆಗೆದಿಟ್ಟು ಹಳೆಯ ತಂತಿಯ ಇಯರ್‌ಫೋನ್ ಸಿಕ್ಕಿಸಿದ ಮೇಲೆ ಆ ತಡ ನನ್ನ ಗಮನಕ್ಕೆ ಬರುವಷ್ಟು ಉಳಿಯಲಿಲ್ಲ. ಕಂಟ್ರೋಲರನ್ನೇ ದೂರುವ ಮೊದಲು ಇದಿಷ್ಟನ್ನು ಮಾಡಿ ನೋಡಬೇಕು ಎಂದು ಆಡುವವರಿಗೆಲ್ಲ ಹೇಳಬಯಸುತ್ತೇನೆ.

ಸಂಜೆ ರಜೆಗೆಂದು ಬಂದಿರುವ ಅಕ್ಕನ ಮಗ ಪಕ್ಕದಲ್ಲಿ ಬಂದು ಕುಳಿತ. ಕಾಲ್ ಆಫ್ ಡ್ಯೂಟಿ ಮೊಬೈಲ್ ಎಂಬ ಗುಂಡಿನ ಕಾಳಗದ ಆಟದಲ್ಲಿ ಮೆನುಗಳಿಗೆ ಬೆರಳನ್ನೇ ಬಳಸಬೇಕಾದರೂ ಪಂದ್ಯ ಆರಂಭವಾದ ಕೂಡಲೇ ಕಂಟ್ರೋಲರ್ ಕೆಲಸ ಮಾಡುವುದನ್ನು ಕಂಡು, “ಮಾವ, ಬಿಜಿಎಂಐ ಆಟದಲ್ಲಿ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಯಾಕೆ ಆಗುವುದಿಲ್ಲ? ಮ್ಯಾಪಿಂಗ್ ಆ್ಯಪ್ ಹಾಕಿದರೆ ಆಗುತ್ತದಂತೆ,” ಎಂದ. ಅಂಥ ಆ್ಯಪ್ ಬಟನ್ ಒತ್ತಿದ್ದನ್ನು ಪರದೆಯ ಮೇಲೆ ಬೆರಳು ಮುಟ್ಟಿದಂತೆ ಮಾಡಿ ಆಟಕ್ಕೆ ತೋರಿಸುತ್ತದೆ, ಅಂದರೆ ಎದುರಾಳಿಗಳು ಬರಿಗೈಯಲ್ಲಿ ಆಡುತ್ತಿರುವಾಗ ನಮ್ಮ ಕೈಯಲ್ಲಿರುವುದನ್ನು ಬಚ್ಚಿಟ್ಟು ಆಡಿದಂತಾಗುತ್ತದೆ ಎಂದು ವಿವರಿಸಿದೆ. ಕಾಲ್ ಆಫ್ ಡ್ಯೂಟಿಯವರು ಕಂಟ್ರೋಲರ್ ಹಿಡಿದವರನ್ನು ಕಂಟ್ರೋಲರ್ ಹಿಡಿದವರೊಂದಿಗೇ ಆಡಿಸುವ ಏರ್ಪಾಡು ಮಾಡಿರುವುದು ಈ ಅನ್ಯಾಯ ಆಗಬಾರದೆಂದು. ಅಂಥ ಆ್ಯಪ್ ಬಳಸಿ ಸಿಕ್ಕಿಬಿದ್ದರೆ ಆಟದ ಖಾತೆ ನಿಷೇಧವಾಗಬಹುದೆಂಬ ಭಯಕ್ಕಿಂತ ಈ ಮಾತು ಅವನ ಮನಸ್ಸಿಗೆ ತಟ್ಟಿತು ಎಂದು ತೋರುತ್ತದೆ. ಆ್ಯಪ್ ಹಾಕುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ.

ನಂತರ ಇಬ್ಬರೂ ಸರದಿಯಂತೆ ಮೈನ್‌ಕ್ರಾಫ್ಟ್ ಆಡಿದೆವು. ಸ್ಟಿಕ್ಕನ್ನು ಸ್ವಲ್ಪವೇ ಸರಿಸಿದರೆ ನಿಧಾನ ನಡಿಗೆ, ಪೂರ್ತಿ ಸರಿಸಿದರೆ ವೇಗ. ಕಣ್ಣು ಪರದೆಯ ಮೇಲೆಯೇ ಇರುವಾಗ ಬಟನ್ ಎಲ್ಲಿದೆ ಎಂಬುದನ್ನು ಬೆರಳೇ ತಡವಿ ಕಂಡುಕೊಳ್ಳುತ್ತದೆ. ಅಂಚೂ ಉಬ್ಬೂ ಇಲ್ಲದ ಗಾಜು ಈ ಸುಖವನ್ನು ಕೊಡಲಾರದು.

ಎಡ ಸ್ಟಿಕ್ ಮಾತ್ರ ಸವೆದಿದೆ. ಕೈ ತೆಗೆದರೂ ಆಟಗಾರ ತಾನಾಗಿಯೇ ಎಡಕ್ಕೆ ವಾಲುತ್ತಾನೆ. ಸ್ಟಿಕ್ ಎಷ್ಟು ಸರಿದಿದೆ ಎಂದು ಅಳೆಯಲು ಒಳಗಿರುವ ಪೊಟೆನ್ಶಿಯೋಮೀಟರಿನ ಪಟ್ಟಿಯನ್ನು ಲೋಹದ ತುದಿಯೊಂದು ಉಜ್ಜುತ್ತಲೇ ಇರುವುದರಿಂದ ವರ್ಷಗಳು ಕಳೆದಂತೆ ಹೀಗಾಗುತ್ತದೆ. ಎಡ್ವಿನ್ ಹಾಲ್ 1879ರಲ್ಲಿ ಕಂಡುಹಿಡಿದ ಪರಿಣಾಮವನ್ನು ಬಳಸುವ ಹಾಲ್ ಎಫೆಕ್ಟ್ ಸ್ಟಿಕ್‌ಗಳು ಅಯಸ್ಕಾಂತದಿಂದ ಸ್ಥಾನವನ್ನು ಅಳೆಯುವುದರಿಂದ ಅಲ್ಲಿ ಈ ಉಜ್ಜಾಟವೇ ಇಲ್ಲ. ಮುಂದಿನದನ್ನು ಕೊಳ್ಳುವಾಗ ಅಂಥದ್ದನ್ನೇ ಹುಡುಕುತ್ತೇನೆ. ಸದ್ಯಕ್ಕೆ ಡೆಡ್‌ಜೋನ್, ಎಂದರೆ ಸ್ಟಿಕ್ ಸ್ವಲ್ಪ ಸರಿದರೂ ಆಟ ಲೆಕ್ಕಿಸದ ಅಂತರ, ಹೆಚ್ಚಿಸಲು ಅವಕಾಶವಿರುವ ಆಟಗಳಲ್ಲಿ ಅದನ್ನು ಹೆಚ್ಚಿಸಿಕೊಂಡು ಆಡುವುದೆಂದು ನಾವಿಬ್ಬರೂ ತೀರ್ಮಾನಿಸಿ, ಕಂಟ್ರೋಲರನ್ನು ಚಾರ್ಜಿಗೆ ಹಾಕಿ ಊಟಕ್ಕೆ ಎದ್ದೆವು.