ಟಫನ್ ಎಲ್ಲಿ, ಲ್ಯಾಮಿನೇಟೆಡ್ ಎಲ್ಲಿ

"ಟಫನ್ ಹಾಕಿಬಿಡ್ರಿ, ಗಟ್ಟಿ ಇರ್ತದ." ಬಳ್ಳಾರಿಯಲ್ಲಿ ಕಿಟಕಿ, ಬಾಗಿಲಿನ ಗಾಜಿಗೆ ಕೊಟೇಶನ್ ಕೊಡಲು ಕೂತರೆ ಮೊದಲು ಕಿವಿಗೆ ಬೀಳುವ ಮಾತು. ಗಟ್ಟಿ ಇರುವುದು ನಿಜ. ಅದೇ ದಪ್ಪದ ಸಾದಾ ಗಾಜಿಗಿಂತ ನಾಲ್ಕೈದು ಪಟ್ಟು ಬಲ. ಆದರೂ ಈ ಕೆಲಸದಲ್ಲಿ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಇದು ಒಡೆದ ದಿನ ಚೂರು ಯಾರ ಮೇಲೆ ಬೀಳುತ್ತದೆ, ಆ ಕಂಡಿಯಲ್ಲಿ ಏನು ಉಳಿಯುತ್ತದೆ?

ಟಫನ್ ಗಾಜನ್ನು 620 ಡಿಗ್ರಿಗೂ ಮೇಲೆ ಕಾಯಿಸಿ, ಜೋರು ಗಾಳಿ ಹೊಡೆದು ಗಕ್ಕನೆ ಆರಿಸಿರುತ್ತಾರೆ. ಮೈ ಬಿಗಿದಿರುತ್ತದೆ, ಒಳಗೆ ಎಳೆತ ಕೂತಿರುತ್ತದೆ. ಹಾಗಾಗಿ ಒಂದು ಮೂಲೆಗೆ ಪೆಟ್ಟು ಬಿದ್ದರೂ ಇಡೀ ಗಾಜು ಮೆಕ್ಕೆಜೋಳದ ಕಾಳಿನಂತೆ ಉದುರಿಹೋಗುತ್ತದೆ. ಕತ್ತಿಯಂಥ ತುಂಡು ಉಳಿಯುವುದಿಲ್ಲ, ಅದು ಅದರ ಗುಣ. ಕಂಡಿ ಪೂರಾ ಖಾಲಿಯಾಗುತ್ತದೆ, ಅದು ಅದರ ದೋಷ. ಲ್ಯಾಮಿನೇಟೆಡ್ ಎಂದರೆ ಎರಡು ಗಾಜಿನ ನಡುವೆ ಪಿವಿಬಿ ಎಂಬ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಇಟ್ಟು ಒತ್ತಿದ್ದು. ಒಂದು ಪದರ 0.38 ಮಿ.ಮೀ. ಬಿಲ್ಲಿನಲ್ಲಿ 6.38 ಎಂದಿದ್ದರೆ 3+3 ಗಾಜು, ನಡುವೆ ಒಂದು ಪದರ. 10.76 ಎಂದಿದ್ದರೆ 5+5, ನಡುವೆ ಎರಡು ಪದರ. ಒಡೆದರೂ ಚೂರು ಹಾಳೆಗೆ ಅಂಟಿಕೊಂಡು ಗಾಜು ಚೌಕಟ್ಟಿನಲ್ಲೇ ನಿಲ್ಲುತ್ತದೆ.

ಮುಂಬಾಗಿಲು, ಅದರ ಪಕ್ಕದ ಒಂದು ಅಡಿಯೊಳಗಿನ ಗಾಜು: ಎರಡರಲ್ಲಿ ಯಾವುದಾದರೂ ಆದೀತು, ಸಾದಾ ಮಾತ್ರ ಬೇಡವೇ ಬೇಡ. ನೆಲದಿಂದ ಮುಕ್ಕಾಲು ಮೀಟರಿಗಿಂತ ಕೆಳಗೆ ಇಳಿದ ಕಿಟಕಿ ನೆಲಮಹಡಿಯಲ್ಲಿದ್ದರೆ ಇದೇ ಲೆಕ್ಕ. ಅದೇ ಕಿಟಕಿ ಮೇಲಿನ ಮಹಡಿಯಲ್ಲಿದ್ದು, ಆಚೆ ಒಂದೂವರೆ ಮೀಟರಿಗಿಂತ ಹೆಚ್ಚು ಆಳವಿದ್ದರೆ ಲ್ಯಾಮಿನೇಟೆಡ್ಡೇ ಆಗಬೇಕು. ಮನುಷ್ಯ ಗಾಜಿಗೆ ಡಿಕ್ಕಿ ಹೊಡೆದಾಗಿನ ಸುರಕ್ಷತೆಗೆಂದೇ ಭಾರತೀಯ ಮಾನಕ ಐಎಸ್ 16231ರ ನಾಲ್ಕನೇ ಭಾಗ ಇದೆ. ಡ್ರಾಯಿಂಗಿನವರು ಅದನ್ನು ತೆಗೆದು ನೋಡಿದರೆ ಅರ್ಧ ವಾದ ಮುಗಿಯುತ್ತದೆ. ಹೆಚ್ಚು ತಪ್ಪಾಗುವುದು ಮೆಟ್ಟಿಲ ಲ್ಯಾಂಡಿಂಗಿನಲ್ಲಿ. ನೆಲದಿಂದ ಛಾವಣಿವರೆಗೆ ಗಾಜು, ಮಕ್ಕಳು ಓಡಿ ಇಳಿಯುವ ಜಾಗ, ಅಲ್ಲಿಗೆ ಒಂಟಿ ಟಫನ್! ಒಡೆದರೆ ಮಗುವಿಗೂ ಕೆಳಗಿನ ಅಂಗಳಕ್ಕೂ ನಡುವೆ ಏನೂ ಇಲ್ಲ. ಬಾಲ್ಕನಿ ಗಾಜು, ತಲೆಯ ಮೇಲಿನ ಸ್ಕೈಲೈಟಿಗೆ ಎರಡೂ ಹಾಳೆ ಟಫನ್ ಆಗಿರುವ ಲ್ಯಾಮಿನೇಟೆಡ್. ತಂತಿ ಜಾಲರಿಯ ಹಳೇ ಗಾಜು ಸೇಫ್ಟಿ ಗ್ಲಾಸ್ ಅಂದುಕೊಳ್ಳುವವರು ಈಗಲೂ ಇದ್ದಾರೆ. ತಂತಿ ಬಲ ಕೊಡುವುದಿಲ್ಲ, ಕೈ ತೂರಿದರೆ ಸೀಳುತ್ತದೆ.

ಚೌಕಟ್ಟಿಲ್ಲದ ಅಂಗಡಿ ಬಾಗಿಲಿಗೆ 12 ಮಿ.ಮೀ. ಟಫನ್. ಗಾಜಿನ ತೂಕ ಪ್ರತಿ ಮಿ.ಮೀ. ದಪ್ಪಕ್ಕೆ, ಪ್ರತಿ ಚದರ ಮೀಟರಿಗೆ ಎರಡೂವರೆ ಕೆ.ಜಿ. ಮೂರಡಿ ಅಗಲ, ಏಳಡಿ ಎತ್ತರದ ಬಾಗಿಲು ಹತ್ತಿರ ಹತ್ತಿರ 58 ಕೆ.ಜಿ. ತೂಗುತ್ತದೆ. ನೆಲದಲ್ಲಿ ಹೂತು ಬಾಗಿಲನ್ನು ತಾನಾಗಿ ಮುಚ್ಚಿಸುವ ಫ್ಲೋರ್ ಸ್ಪ್ರಿಂಗ್ ಕೊಳ್ಳುವಾಗ ಈ ಲೆಕ್ಕ ಮಾಡದಿದ್ದರೆ ಬಾಗಿಲು ಬಾಗಿ ಅಂಚು ನೆಲಕ್ಕೆ ತಾಗುತ್ತದೆ. ಟಫನ್ ಸಾಯುವುದೇ ಅಂಚಿನಿಂದ. ಸಂಡೂರು, ತೋರಣಗಲ್ಲು ಕಡೆಯ ಅದಿರು ಧೂಳಿನಲ್ಲಿ ಸ್ಪ್ರಿಂಗಿನ ಮೇಲ್ಮುಚ್ಚಳ ತೆಗೆದು ಆಗಾಗ ಒರೆಸಬೇಕು. ಕಣ್ಣಿನ ಮಟ್ಟದಲ್ಲಿ ಒಂದು, ಸೊಂಟದ ಮಟ್ಟದಲ್ಲಿ ಒಂದು ಪಟ್ಟಿ ಅಂಟಿಸಿ. ಸ್ವಚ್ಛ ಗಾಜು ಇದೆಯೆಂದೇ ಗೊತ್ತಾಗದೆ ಜನ ಮುಖ ಕೊಟ್ಟು ಹೊಡೆಸಿಕೊಳ್ಳುತ್ತಾರೆ.

ರಾಯಚೂರಿನ ಮೇ ತಿಂಗಳ ಬಿಸಿಲಿಗೆ ಇನ್ನೊಂದು ಪೇಚಿದೆ. ಪಡುವಣ ಗೋಡೆಯಲ್ಲಿ ಗಾಢ ಬಣ್ಣದ ಸಾದಾ ಗಾಜು, ಮೇಲರ್ಧಕ್ಕೆ ಸಜ್ಜಾ ಚಪ್ಪಡಿಯ ನೆರಳು, ಕೆಳಗರ್ಧಕ್ಕೆ ಸುಡುಬಿಸಿಲು. ಬಿಸಿಯಾದ ಭಾಗ ಹಿಗ್ಗುತ್ತದೆ, ತಣ್ಣಗಿನ ಅಂಚು ಹಿಗ್ಗುವುದಿಲ್ಲ. ಯಾರೂ ಮುಟ್ಟದೆಯೇ ಗಾಜು ಸೀಳುತ್ತದೆ. ಸೀಳು ಅಂಚಿಗೆ ನೇರ ಲಂಬವಾಗಿ ಹೊರಟು ಆಮೇಲೆ ವಂಕಿಯಾಗಿದ್ದರೆ ಬಿಸಿಲಿನ ಕೆಲಸವೇ. ಕಲ್ಲು ಬಿದ್ದಿದ್ದರೆ ಬಿದ್ದ ಜಾಗದಿಂದ ಸುತ್ತ ಹರಡಿರುತ್ತದೆ. ಲ್ಯಾಮಿನೇಟೆಡ್ಡಿನ ಒಳಗಿರುವುದೂ ಸಾದಾ ಗಾಜಾದರೆ ಇದೇ ಗತಿ. ಅಂಥ ಜಾಗಕ್ಕೆ ಹಾಳೆಗಳನ್ನು ಟಫನ್ ಮಾಡಿಸಿಯೇ ಲ್ಯಾಮಿನೇಟ್ ಮಾಡಿಸಬೇಕು.

ಇನ್ನು ಅಳತೆ. ದುಡ್ಡು ಹೋಗುವುದು ಇಲ್ಲೇ. ಟಫನ್ ಆದ ಮೇಲೆ ಒಂದು ಮಿ.ಮೀ. ಕೂಡ ಕತ್ತರಿಸಲಾಗದು, ತೂತು ಕೊರೆಯಲಾಗದು. ಪ್ಲಾಸ್ಟರ್ ಮುಗಿದು, ಚೌಕಟ್ಟು ಕೂತ ಮೇಲೆಯೇ ಟೇಪು ಹಿಡಿಯಬೇಕು. ಡ್ರಾಯಿಂಗ್ ನೋಡಿ ಆರ್ಡರ್ ಕೊಟ್ಟರೆ ಕೆಟ್ಟೆವು. ಗಾಜು ಕೂರುವ ತೋಡಿನ ತಳದಿಂದ ತಳಕ್ಕೆ, ಅಗಲ ಮೂರು ಕಡೆ, ಎತ್ತರ ಮೂರು ಕಡೆ. ಮೇಲೆ 1204, ನಡುವೆ 1200, ಕೆಳಗೆ 1202 ಬಂದರೆ 1200 ಹಿಡಿದು, ಎರಡೂ ಬದಿ ನಾಲ್ಕು ನಾಲ್ಕು ಬಿಟ್ಟು 1192 ಬರೆಯಿರಿ. ಮೂಲೆಯಿಂದ ಮೂಲೆಗೂ ಅಳೆಯಿರಿ. ಎರಡು ಕರ್ಣಗಳಿಗೆ ಮೂರು ಮಿ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಮೊದಲು ಚೌಕಟ್ಟು ಸರಿಪಡಿಸಿ.

ಆ ನಾಲ್ಕು ಮಿ.ಮೀ. ಉಳಿತಾಯಕ್ಕೆ ಬಿಟ್ಟದ್ದಲ್ಲ. ಎರಡು ಮೀಟರಿನ ಅಲ್ಯೂಮಿನಿಯಂ 40 ಡಿಗ್ರಿ ಏರಿಳಿತಕ್ಕೆ ಸುಮಾರು 1.9 ಮಿ.ಮೀ. ಆಡುತ್ತದೆ, ಗಾಜು 0.7ರಷ್ಟು ಮಾತ್ರ. ಗಾಜು ಎಲ್ಲೂ ಲೋಹಕ್ಕೆ ತಾಗಕೂಡದು. ಕೆಳಗೆ ಎರಡು ಗಟ್ಟಿ ರಬ್ಬರ್ ಪ್ಯಾಕಿಂಗ್, ಎರಡೂ ಮೂಲೆಯಿಂದ ಅಗಲದ ಕಾಲು ಭಾಗಕ್ಕೆ. ಈ ಗಾಜಿಗಾದರೆ ಹತ್ತಿರ ಹತ್ತಿರ 300 ಮಿ.ಮೀ. ಒಳಗೆ. ಪ್ಲೈವುಡ್ ಚೂರು, ಮಡಿಸಿದ ರಟ್ಟು ಇಟ್ಟರೆ ಮಳೆನೀರು ಹೀರಿ ಊದುತ್ತವೆ. ಲ್ಯಾಮಿನೇಟೆಡ್ ಅಂಚಿಗೆ ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡ, ಪಿವಿಬಿಯನ್ನು ತಿಂದು ಅಂಚು ಬೆಳ್ಳಗೆ ಬಿಡುತ್ತದೆ. ನ್ಯೂಟ್ರಲ್ ಎಂದು ಕೇಳಿ ತನ್ನಿ. ಕೆಳಪಟ್ಟಿಯ ನೀರಿನ ತೂತುಗಳನ್ನು ಸಿಲಿಕೋನಿನಿಂದ ಮುಚ್ಚಿದರೂ ನೀರು ನಿಂತು ಗತಿ ಅದೇ.

ಮಾಲು ಇಳಿಸುವಾಗ ಪ್ರತಿ ಗಾಜಿನ ಮೂಲೆಯಲ್ಲಿ ಐಎಸ್‌ಐ ಗುರುತು ಮತ್ತು ಸೇಫ್ಟಿ ಗಾಜಿನ ಮಾನಕ ಐಎಸ್ 2553 ಇದೆಯೇ ನೋಡಿ. ಸ್ಟಿಕ್ಕರ್ ಲೆಕ್ಕಕ್ಕಿಲ್ಲ, ಅಳಿಸದ ಮುದ್ರೆ ಬೇಕು. ಪೋಲರೈಸ್ಡ್ ಕನ್ನಡಕ ಹಾಕಿ ಓರೆಯಾಗಿ ನೋಡಿದರೆ ಟಫನ್ನಿನ ಮೈಮೇಲೆ ಚಿರತೆಯ ಮಚ್ಚೆಯಂಥ ಕಲೆ ಕಾಣುತ್ತವೆ. ಕಂಡರೆ ಗಾಬರಿ ಬೇಡ.

ಗಾಜು ಕೂರಿಸಿದ ಮೇಲೆ ಗ್ರಿಲ್ ವೆಲ್ಡಿಂಗ್ ಮಾಡುವ ಚಾಳಿಗೆ ಮಾತ್ರ ಮದ್ದಿಲ್ಲ. ವೆಲ್ಡಿಂಗ್, ಗ್ರೈಂಡರ್ ಕಿಡಿ ಗಾಜಿಗೆ ಅಂಟಿ ಸಾಸಿವೆ ಗಾತ್ರದ ಕುಳಿ ಮಾಡುತ್ತದೆ. ಕೈಯಾಡಿಸಿದರೆ ಉಸುಕು ಕಾಗದದಂತೆ ತಾಗುತ್ತದೆ, ಒರೆಸಿದರೆ ಹೋಗುವುದಿಲ್ಲ. ಅಂಥ ಟಫನ್ ತಿಂಗಳುಗಳಾದ ಮೇಲೂ ಒಂದು ರಾತ್ರಿ ತಾನಾಗಿಯೇ ಉದುರಬಹುದು. ಆಗ ಬೈಸಿಕೊಳ್ಳುವವರು ಗಾಜಿನವರು. ಅದಕ್ಕೇ ವೆಲ್ಡರ್ ಲೆಕ್ಕ ಚುಕ್ತಾ ಆಗಿ ಮಷೀನು ಹೊರಹೋದ ಮೇಲೆ ಗಾಜು ತರಿಸಿ.