ಇಥಿಯೋಪಿಕ್ 'ಹ' ಅಕ್ಷರ: 1200ರ ಲೆಕ್ಕ

ಇಥಿಯೋಪಿಯಾದ ಅಮ್ಹಾರಿಕ್ ಭಾಷೆಯನ್ನು ಬರೆಯುವ ಲಿಪಿ ಇಥಿಯೋಪಿಕ್; ಅದರ ಮೊದಲ ಅಕ್ಷರ 'ಹ'. ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಅದರ ಸಂಖ್ಯೆ ಹೆಕ್ಸ್ (ಹದಿನಾರರ ಲೆಕ್ಕ) 1200, ದಶಮಾನದಲ್ಲಿ 4608. ವೆಬ್ ಪುಟದಲ್ಲಿ ሀ ಎಂದು ಬರೆದರೂ ಸಾಕು. ಆ ಸಂಖ್ಯೆಯನ್ನು ಬೈಟ್‌ಗಳಾಗಿ ಬರೆಯುವ ಎನ್‌ಕೋಡಿಂಗ್ ಯುಟಿಎಫ್-8ರಲ್ಲಿ ಅದು 225, 136, 128 ಎಂಬ ಮೂರು ಬೈಟ್. ಈ ಮೂರನ್ನು ಹಳೆಯ ವಿಂಡೋಸ್ ಲ್ಯಾಟಿನ್ ಎನ್‌ಕೋಡಿಂಗ್ ಎಂದು ಓದಿದರೆ ಕೊನೆಯಲ್ಲಿ ಯೂರೋ ಚಿಹ್ನೆ € ಕಾಣಿಸುತ್ತದೆ. ಅದು ಕಂಡರೆ ಫಾಂಟನ್ನು ಬೈಯಬೇಡಿ, ಎನ್‌ಕೋಡಿಂಗ್ ನೋಡಿ. ಚೌಕ ಡಬ್ಬಿ ಕಂಡರೆ ಮಾತ್ರ ಫಾಂಟಿನ ಕೊರತೆ.

ಕನ್ನಡದ 'ಬಿ' ಎಂದರೆ 'ಬ' ಮತ್ತು ಗುಡಿಸು, ಎರಡು ಸಂಕೇತ. ಇಥಿಯೋಪಿಕ್‌ನಲ್ಲಿ ಇಡೀ ಕಾಗುಣಿತವೇ ಬಿಡಿಬಿಡಿ: ಬ-ಸಾಲು 1260ರಿಂದ (ಇಲ್ಲಿಂದ ಅಕ್ಷರ ಸಂಖ್ಯೆಗಳೆಲ್ಲ ಹೆಕ್ಸ್) ಶುರು, 'ಬು' 1261, 'ಬಿ' 1262, 'ಬಾ' 1263. ಸಾಲಿಗೆ ಎಂಟು ಮನೆ, ಹಾಗಾಗಿ ಕೊನೆಯ ಮೂರು ಬಿಟ್ ಸ್ವರವನ್ನು ಹೇಳುತ್ತವೆ. ಚೆಂದದ ಲೆಕ್ಕ, ಆದರೆ ಪೂರ್ತಿ ನಂಬಬೇಡಿ: 1249 ಖಾಲಿ ಮನೆ.

ನಿಜವಾದ ತಲೆನೋವು ಹುಡುಕಾಟದ್ದು. 1200, 1210, 1280 ಮೂರೂ ಬೇರೆ ಅಕ್ಷರಗಳು, ಅಮ್ಹಾರಿಕ್ ಉಚ್ಚಾರಣೆ ಮಾತ್ರ ಒಂದೇ. ಒಂದೇ ಪದವನ್ನು ಜನ ಎರಡು ಮೂರು ರೀತಿ ಬರೆಯುತ್ತಾರೆ. ಯುನಿಕೋಡ್ ನಾರ್ಮಲೈಸೇಶನ್ (ಸಮಾನ ಸಂಕೇತಗಳನ್ನು ಒಂದೇ ರೂಪಕ್ಕೆ ತರುವ ಕ್ರಮ) ಇವನ್ನು ಒಂದಾಗಿಸುವುದಿಲ್ಲ. ಹುಡುಕುವ ಸೂಚಿಯಲ್ಲಿ ನೀವೇ ಒಂದಕ್ಕೆ ಇಳಿಸಬೇಕು, ಮೂಲ ಪಠ್ಯ ಮುಟ್ಟದೆ. ಇಥಿಯೋಪಿಯಾದ ಪ್ರಾಚೀನ ಭಾಷೆ ಗೀಜ್‌ನ ಪಠ್ಯಕ್ಕೆ ಇದನ್ನು ಮಾಡಬೇಡಿ, ಅಲ್ಲಿ ಈ ಅಕ್ಷರಗಳ ಭೇದಕ್ಕೆ ಬೆಲೆಯಿದೆ. ಇನ್ನೊಂದು: ವಾಕ್ಯ ಮುಗಿಸಲು 1362ರ ಚಿಹ್ನೆ ። ಇದ್ದರೂ ಹಲವರು ಎರಡು ಕೋಲನ್ ಒತ್ತುತ್ತಾರೆ, ಅದನ್ನೂ ಗಮನಿಸಿ.